ಎಣ್ಣೆ ಮತ್ತು ಕೊಬ್ಬು: ಮೂಲಗಳು, ತೆಗೆಯುವ ವಿಧಾನಗಳು

ಎಣ್ಣೆ ಮತ್ತು ಕೊಬ್ಬು ಸಸ್ಯಗಳೂ ಪ್ರಾಣಿಗಳೂ ಮುಂದಿನ ದಿನಗಳಿಗೆಂದು ಕೂಡಿಟ್ಟುಕೊಂಡ ಆಹಾರ. ಸಸ್ಯ ಅದನ್ನು ಹೆಚ್ಚಾಗಿ ಬೀಜದಲ್ಲಿ ಇಡುತ್ತದೆ. ಮೊಳಕೆ ಮಣ್ಣಿನಿಂದ ತಲೆಯೆತ್ತಿ, ಎಲೆ ಬಿಚ್ಚಿ, ಬಿಸಿಲಿನ ಬಲದಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುವವರೆಗೆ ಅದಕ್ಕೆ ಬೇಕಾಗುವ ಬುತ್ತಿ ಅದು. ಪ್ರಾಣಿಗಳ ದೇಹದಲ್ಲಿ ಕೊಬ್ಬು ಚರ್ಮದ ಕೆಳಗೆ, ಒಳಾಂಗಗಳ ಸುತ್ತ, ಕೆಲವು ಮೀನುಗಳಲ್ಲಿ ಯಕೃತ್ತಿನೊಳಗೆ ಸೇರಿಕೊಳ್ಳುತ್ತದೆ. ಹಾಲಿನ ಮೂಲಕ ಮರಿಗಳಿಗೂ ಸಿಗುತ್ತದೆ. ಒಂದು ಗ್ರಾಂ ಪಿಷ್ಟದಿಂದಾಗಲಿ ಪ್ರೋಟೀನಿನಿಂದಾಗಲಿ ಸುಮಾರು 4 ಕಿಲೋಕ್ಯಾಲರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲರಿ ದೊರೆಯುತ್ತದೆ. ಗಾಳಿಯಲ್ಲಿ ತೂರಿಹೋಗಬೇಕಾದ ಪುಟ್ಟ ಬೀಜಕ್ಕೂ ಸಾವಿರಾರು ಮೈಲಿ ಹಾರಬೇಕಾದ ವಲಸೆ ಹಕ್ಕಿಗೂ ಇಷ್ಟು ಹಗುರವಾದ ಬುತ್ತಿ ಬೇರೆಯಿಲ್ಲ.

ರಾಸಾಯನಿಕವಾಗಿ ಎಣ್ಣೆಯೂ ಕೊಬ್ಬೂ ಒಂದೇ. ಗ್ಲಿಸರಾಲ್‌ನ ಒಂದು ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಕೂಡಿಕೊಂಡರೆ ಟ್ರೈಗ್ಲಿಸರೈಡ್ ಆಗುತ್ತದೆ. ಕಡಲೆಕಾಯಿ ಎಣ್ಣೆಯಿಂದ ತುಪ್ಪದವರೆಗೆ ಎಲ್ಲದರ ಮುಖ್ಯ ಭಾಗ ಇದೇ. ಇದನ್ನು ಮೊದಲು ಬಿಡಿಸಿ ತೋರಿಸಿದವನು ಫ್ರಾನ್ಸಿನ ಮಿಷೆಲ್ ಯೂಜೀನ್ ಶೆವ್ರೋಲ್. ಪ್ರಾಣಿಕೊಬ್ಬುಗಳನ್ನು ಕುರಿತ ಅವನ ಗ್ರಂಥ 1823ರಲ್ಲಿ ಹೊರಬಂದಿತು. ಕೊಬ್ಬಿನಾಮ್ಲದ ಇಂಗಾಲದ ಸರಪಳಿ ನೇರವಾಗಿದ್ದರೆ ಅಣುಗಳು ಒತ್ತೊತ್ತಾಗಿ ಕೂರುತ್ತವೆ, ವಸ್ತು ಬೇಗ ಗಟ್ಟಿಯಾಗುತ್ತದೆ. ಇಂಥವು ಪರ್ಯಾಪ್ತ ಆಮ್ಲಗಳು. ಸರಪಳಿಯಲ್ಲಿ ಜೋಡಿಬಂಧಗಳಿದ್ದು ಅದು ಬಾಗಿದ್ದರೆ ಅಣುಗಳು ಹೊಂದಿಕೊಂಡು ಕೂರಲಾರವು, ವಸ್ತು ದ್ರವವಾಗಿಯೇ ಉಳಿಯುತ್ತದೆ. ಇವು ಅಪರ್ಯಾಪ್ತ ಆಮ್ಲಗಳು. ವಾಡಿಕೆಯಲ್ಲಿ ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವುದನ್ನು ಎಣ್ಣೆ ಎನ್ನುತ್ತಾರೆ, ಗಟ್ಟಿಯಾಗಿರುವುದನ್ನು ಕೊಬ್ಬು ಎನ್ನುತ್ತಾರೆ. ಈ ಗೆರೆ ಊರಿನಿಂದ ಊರಿಗೆ ಸರಿದಾಡುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಂಗಳೂರಿನಲ್ಲಿ ವರ್ಷದ ಬಹುಕಾಲ ಎಣ್ಣೆಯಾಗಿಯೇ ಇರುತ್ತದೆ. ಪುಷ್ಯಮಾಸದ ಬೆಳಗ್ಗೆ ಬೆಂಗಳೂರಿನಲ್ಲಿ ಅದೇ ಸೀಸೆಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳಬೇಕಾಗುತ್ತದೆ.

ಎಣ್ಣೆ ಎಂಬ ಹೆಸರನ್ನೇ ಹೊತ್ತಿದ್ದರೂ ಬೇರೆ ಜಾತಿಗೆ ಸೇರಿದ ಪದಾರ್ಥಗಳುಂಟು. ಸೀಮೆಎಣ್ಣೆ, ಡೀಸೆಲ್ ಮೊದಲಾದ ಖನಿಜತೈಲಗಳು ಬರಿಯ ಹೈಡ್ರೋಕಾರ್ಬನ್‌ಗಳು. ಅವುಗಳಲ್ಲಿ ಗ್ಲಿಸರಾಲ್ ಇಲ್ಲ, ಅವು ಆಹಾರವೂ ಅಲ್ಲ. ಶ್ರೀಗಂಧ, ಲವಂಗ, ನೀಲಗಿರಿ ಎಣ್ಣೆಗಳು ಸುಗಂಧತೈಲಗಳು. ಮೈಸೂರಿನಲ್ಲಿ 1916ರಲ್ಲಿ ಸ್ಥಾಪನೆಯಾದ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆಯಲ್ಲಿ ಮರದ ಪುಡಿಯ ಮೂಲಕ ಹಬೆ ಹಾಯಿಸಿ ಭಟ್ಟಿಯಿಳಿಸಿ ಪಡೆದದ್ದು ಈ ಬಗೆಯದು. ವ್ಯತ್ಯಾಸವನ್ನು ಒಂದು ಕಾಗದದ ಚೂರಿನಿಂದಲೇ ತಿಳಿಯಬಹುದು. ಎಳ್ಳೆಣ್ಣೆಯ ಹನಿ ಬಿದ್ದ ಕಡೆ ಕಾಗದ ಪಾರಭಾಸಕವಾಗಿ ಆ ಕಲೆ ಹಾಗೆಯೇ ನಿಲ್ಲುತ್ತದೆ. ನೀಲಗಿರಿ ಎಣ್ಣೆಯ ಹನಿ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ. ಈ ಲೇಖನದ ವಿಷಯ ಕಲೆ ಉಳಿಸುವ ಸ್ಥಿರತೈಲಗಳು ಮಾತ್ರ.

ಬೀಜಗಳಲ್ಲಿ ಎಣ್ಣೆಯ ಪಾಲು ಬಹಳ ವ್ಯತ್ಯಾಸವಾಗುತ್ತದೆ. ಎಳ್ಳು, ಕಡಲೆಕಾಯಿ ಬೀಜ, ಹರಳುಗಳಲ್ಲಿ ತೂಕದ ಸುಮಾರು ಅರ್ಧದಷ್ಟು ಎಣ್ಣೆಯೇ. ಸಾಸಿವೆ, ಅಗಸೆ, ಸೂರ್ಯಕಾಂತಿ, ಹುಚ್ಚೆಳ್ಳುಗಳಲ್ಲಿ ಮೂರನೆಯ ಒಂದು ಪಾಲಿನಿಂದ ಐದರಲ್ಲಿ ಎರಡು ಪಾಲಿನ ಆಸುಪಾಸು. ಕುಸುಬೆಯಲ್ಲಿ ಸುಮಾರು ಶೇ. 30. ಸೋಯಾ ಅವರೆಯಲ್ಲೂ ಹತ್ತಿಬೀಜದಲ್ಲೂ ಶೇ. 20ರಷ್ಟು ಮಾತ್ರ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಶೇ. 60ಕ್ಕೂ ಮೀರಿ ಇರುತ್ತದೆ. ಯಾವ ಬೀಜಕ್ಕೆ ಯಾವ ವಿಧಾನ ಒಗ್ಗುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಅಂಕಿಗಳೇ ನಿರ್ಧರಿಸಿವೆ. ಅರ್ಧಕ್ಕರ್ಧ ಎಣ್ಣೆಯಿರುವ ಎಳ್ಳು ಎತ್ತಿನ ಗಾಣಕ್ಕೂ ಒಲಿಯುತ್ತದೆ. ಸೋಯಾದಂಥ ಬಡ ಬೀಜದಿಂದ ಲಾಭಕ್ಕೆ ಎಣ್ಣೆ ತೆಗೆಯಲು ಇಪ್ಪತ್ತನೆಯ ಶತಮಾನದ ಕಾರ್ಖಾನೆಯೇ ಬೇಕಾಯಿತು.

ಕರ್ನಾಟಕದ ಅಡುಗೆಯ ರುಚಿಯೂ ನೆಲಕ್ಕೆ ಒಗ್ಗಿದ ಬೀಜವನ್ನೇ ಹಿಂಬಾಲಿಸಿದೆ. ಕಲಬುರಗಿ, ವಿಜಯಪುರ, ಗದಗ, ಧಾರವಾಡದ ಕಪ್ಪು ನೆಲದಲ್ಲಿ ಹಿಂಗಾರಿನ ತೇವದಲ್ಲೇ ಬೆಳೆಯುವ ಕುಸುಬೆಯ ಎಣ್ಣೆ ಅಲ್ಲಿನ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಚಿತ್ರದುರ್ಗದ ಬಯಲುಸೀಮೆಯಲ್ಲಿ ಕಡಲೆಕಾಯಿ ಮುಖ್ಯ. ಅಲ್ಲಿನ ಚಳ್ಳಕೆರೆಗೆ ಎಣ್ಣೆ ಗಿರಣಿಗಳಿಂದಾಗಿ ‘ಎಣ್ಣೆ ನಗರಿ’ ಎಂಬ ಹೆಸರೇ ಬಿದ್ದಿದೆ. ಕರಾವಳಿಯದು ಕೊಬ್ಬರಿ ಎಣ್ಣೆ. ತೆಂಗಿಗೆ ಹೆಸರಾದ ತಿಪಟೂರಿನ ಉಂಡೆ ಕೊಬ್ಬರಿ ಮಾತ್ರ ಮುಖ್ಯವಾಗಿ ಗಾಣಕ್ಕೆ ಹೋಗುವ ಸರಕಲ್ಲ. ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಕರಟದಿಂದ ಬಿಟ್ಟುಕೊಂಡ ಮೇಲೆ ಒಡೆದು ತೆಗೆಯುವ ಆ ಕೊಬ್ಬರಿ ಹೆಚ್ಚಾಗಿ ತಿನ್ನಲು, ಸಿಹಿತಿಂಡಿಗೆ, ಪೂಜೆಗೆ ದೂರದೂರಿಗೆ ಹೋಗುತ್ತದೆ. ಎಣ್ಣೆಗೆ ಬಳಸುವುದು ಹೋಳು ಮಾಡಿ ಒಣಗಿಸಿದ ಕೊಬ್ಬರಿಯನ್ನು.

ಕಾಡುಮರಗಳ ಬೀಜಗಳಿಂದ ಬರುವ ಎಣ್ಣೆಗಳದು ಬೇರೊಂದು ಲೋಕ. ಹೊಂಗೆ, ಬೇವು, ಹಿಪ್ಪೆ, ಕರಾವಳಿಯ ಹೊನ್ನೆ ಇವುಗಳ ಎಣ್ಣೆ ಸೀಮೆಎಣ್ಣೆ ಬರುವ ಮುಂಚೆ ಹಳ್ಳಿಗಳ ದೀಪ ಉರಿಸಿದೆ. ಪಶ್ಚಿಮಘಟ್ಟದ ಮುರುಗಲು, ಉಪ್ಪಾಗೆ, ಧೂಪದ ಬೀಜಗಳು ಕೊಡುವುದು ಗಟ್ಟಿ ಕೊಬ್ಬನ್ನು. ಉತ್ತರ ಕನ್ನಡದಲ್ಲಿ ಉಪ್ಪಾಗೆಯ ಕೊಬ್ಬನ್ನು ‘ಉಪ್ಪಾಗೆ ತುಪ್ಪ’ ಎಂದೇ ಕರೆದು ಅಡುಗೆಗೂ ಬಳಸಿದ್ದಾರೆ. ಮುರುಗಲಿನ ಬಿಳಿಯ ಕೊಬ್ಬು ಸುಮಾರು 40 ಡಿಗ್ರಿಯವರೆಗೂ ಕರಗದೆ ಉಂಡೆಯಾಗಿ ನಿಲ್ಲುತ್ತದೆ. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವುದು ಹಳೆಯ ರೂಢಿ. ಚಾಕೊಲೇಟಿನ ಕೋಕೋ ಬೆಣ್ಣೆಗೆ ಜೊತೆಯಾಗಿಯೋ ಬದಲಾಗಿಯೋ ಬಳಸಬಹುದಾದ ಕೊಬ್ಬುಗಳಲ್ಲಿ ಇದೂ ಒಂದು. ಹೊರನಾಡಿನ ಸೌಂದರ್ಯಸಾಧನಗಳಲ್ಲಿ ಸಲ್ಲುವ ಈ ವಸ್ತು ಘಟ್ಟದ ಮನೆಯ ಮಾಡಿನಲ್ಲಿ ಎಷ್ಟೋ ಕಾಲದಿಂದ ಇದ್ದದ್ದು ಎಂಬುದನ್ನು ಮರೆಯಬಾರದು.

ಕೆಲವು ಸಸ್ಯಗಳು ಎಣ್ಣೆಯನ್ನು ಬೀಜದಲ್ಲಲ್ಲದೆ ಹಣ್ಣಿನ ತೊಳೆಯಲ್ಲಿ ಇಡುತ್ತವೆ. ಮೆಡಿಟರೇನಿಯನ್ ತೀರದ ಆಲಿವ್ ಇದಕ್ಕೆ ಹಳೆಯ ಉದಾಹರಣೆ. ಪಶ್ಚಿಮ ಆಫ್ರಿಕಾ ಮೂಲದ ತಾಳೆಯಲ್ಲಿ ತೊಳೆಯಿಂದ ಒಂದು ಎಣ್ಣೆ, ಒಳಗಿನ ಬೀಜದಿಂದ ಇನ್ನೊಂದು ಎಣ್ಣೆ ದೊರೆಯುತ್ತದೆ. ಎರಡೂ ಗುಣದಲ್ಲಿ ಬೇರೆ: ತೊಳೆಯದು ಕ್ಯಾರೊಟೀನ್‌ನಿಂದ ಕೆಂಪಾಗಿರುತ್ತದೆ, ಬೀಜದ್ದು ಕೊಬ್ಬರಿ ಎಣ್ಣೆಯನ್ನು ಹೋಲುತ್ತದೆ. ಒಂದು ಹೆಕ್ಟೇರಿನಿಂದ ತಾಳೆ ಕೊಡುವಷ್ಟು ಎಣ್ಣೆಯನ್ನು ಬೇರಾವ ಬೆಳೆಯೂ ಕೊಡುವುದಿಲ್ಲ. ತನಗೆ ಬೇಕಾದ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುವ ಭಾರತಕ್ಕೆ ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆಯೆಣ್ಣೆಯೇ ಮುಖ್ಯ ಆಮದು. ಎಣ್ಣೆಬೀಜಗಳ ಇಳುವರಿ ಹೆಚ್ಚಿಸಲು 1986ರಲ್ಲಿ ಕೇಂದ್ರ ಸರ್ಕಾರ ತಂತ್ರಜ್ಞಾನ ಮಿಷನ್ ಆರಂಭಿಸಿತು. ಅದರಿಂದ ಬಂದ ‘ಹಳದಿ ಕ್ರಾಂತಿ’ ಕೆಲವು ವರ್ಷ ದೇಶವನ್ನು ಸ್ವಾವಲಂಬನೆಯ ಹತ್ತಿರಕ್ಕೆ ತಂದಿತ್ತು. ತೊಂಬತ್ತರ ದಶಕದಲ್ಲಿ ಆಮದು ಸಡಿಲಗೊಂಡ ಮೇಲೆ ಆ ನೆಲೆ ಉಳಿಯಲಿಲ್ಲ.

ಪ್ರಾಣಿಮೂಲಗಳಲ್ಲಿ ಭಾರತದ ಮಟ್ಟಿಗೆ ಹಾಲಿಗೇ ಮೊದಲ ಸ್ಥಾನ. ಹಸುವಿನ ಹಾಲಿನಲ್ಲಿ ಶೇ. 4ರ ಆಸುಪಾಸು ಕೊಬ್ಬಿದ್ದರೆ ಎಮ್ಮೆಯ ಹಾಲಿನಲ್ಲಿ ಶೇ. 6ರಿಂದ 8. ದನ, ಕುರಿ, ಹಂದಿಗಳ ಕೊಬ್ಬನ್ನು ಕರಗಿಸಿ ಸೋಸಿ ಸಾಬೂನು, ಮೇಣದಬತ್ತಿ, ಆಹಾರಗಳಿಗೆ ಬಳಸುವುದು ಅನೇಕ ದೇಶಗಳಲ್ಲಿದೆ. ಸಮುದ್ರದ ಕಡೆ ನಾರ್ವೆಯ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಎ ಮತ್ತು ಡಿ ಜೀವಸತ್ವಗಳಿಗೆ ಹೆಸರಾದದ್ದು. ಕರ್ನಾಟಕದ ಕರಾವಳಿಯಲ್ಲಿ ತುಳುವರು ಬೂತಾಯಿ ಎನ್ನುವ, ಉತ್ತರ ಕನ್ನಡದವರು ತಾರ್ಲೆ ಎನ್ನುವ ಮೀನಿನ ಮೈಯೆಲ್ಲ ಎಣ್ಣೆಯೇ. ಮೀನನ್ನು ದೊಡ್ಡ ಕಡಾಯಿಗಳಲ್ಲಿ ಬೇಯಿಸಿ, ಹಿಂಡಿ, ತೇಲಿದ ಎಣ್ಣೆಯನ್ನು ಬೇರೆ ಮಾಡುತ್ತಿದ್ದರು. ಆ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿದರೆ ಉಳಿದ ಗಸಿ ತೆಂಗಿನ ಬುಡ ಸೇರುತ್ತಿತ್ತು. ತಿಮಿಂಗಿಲದ ಎಣ್ಣೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಯೂರೋಪ್, ಅಮೆರಿಕಗಳ ದೀಪಗಳಿಗೂ ಯಂತ್ರಗಳಿಗೂ ಆಧಾರವಾಗಿತ್ತು. ಅದಕ್ಕಾಗಿ ನಡೆದ ಬೇಟೆ ಹಲವು ಜಾತಿಯ ತಿಮಿಂಗಿಲಗಳನ್ನು ಅಳಿವಿನ ಅಂಚಿಗೆ ತಂದಿತು. ವಾಣಿಜ್ಯ ಬೇಟೆಯ ಮೇಲಿನ ಅಂತರರಾಷ್ಟ್ರೀಯ ತಡೆ ಜಾರಿಗೆ ಬಂದದ್ದು 1986ರಲ್ಲಿ.

ಬೀಜದ ಒಳಗೆ ಎಣ್ಣೆ ಕೊಡದಲ್ಲಿನ ನೀರಿನಂತೆ ಒಂದೆಡೆ ನಿಂತಿರುವುದಿಲ್ಲ. ಒಂದೊಂದು ಜೀವಕೋಶದಲ್ಲೂ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಗಾತ್ರದ ಅಸಂಖ್ಯ ಹನಿಗಳಾಗಿ, ಪ್ರತಿ ಹನಿಯ ಸುತ್ತ ಪ್ರೋಟೀನಿನ ತೆಳುಪೊರೆ ಹೊದ್ದು ಕೂತಿರುತ್ತದೆ. ಪೊರೆ ಇರುವವರೆಗೆ ಹನಿಗಳು ಒಂದಕ್ಕೊಂದು ಬೆರೆಯುವುದಿಲ್ಲ. ಎಣ್ಣೆ ತೆಗೆಯುವ ಎಲ್ಲ ವಿಧಾನಗಳೂ ಮಾಡಬೇಕಾದದ್ದು ಮೂರು ಕೆಲಸ: ಕೋಶದ ಗೋಡೆ ಒಡೆಯುವುದು, ಹನಿಗಳ ಪೊರೆ ಹರಿದು ಅವು ಕೂಡಿಕೊಳ್ಳುವಂತೆ ಮಾಡುವುದು, ಕೂಡಿದ ಎಣ್ಣೆಯನ್ನು ಉಳಿದ ಹಿಟ್ಟಿನಿಂದ ಬೇರ್ಪಡಿಸುವುದು. ಶಾಖ ಮತ್ತು ತುಸು ತೇವ ಇದಕ್ಕೆ ನೆರವಾಗುತ್ತವೆ. ಶಾಖದಿಂದ ಪ್ರೋಟೀನು ಹೆಪ್ಪುಗಟ್ಟಿ ಪೊರೆ ಮುರಿಯುತ್ತದೆ, ಎಣ್ಣೆ ತೆಳುವಾಗಿ ಸಲೀಸಾಗಿ ಹರಿಯುತ್ತದೆ. ಪೊರೆಯ ವಿಚಾರ ಗೊತ್ತಿಲ್ಲದ ಕಾಲದಲ್ಲೂ ಬೀಜವನ್ನು ಹುರಿದು ಕುಟ್ಟಬೇಕು, ಗಾಣಕ್ಕೆ ನೀರು ಚಿಮುಕಿಸಬೇಕು ಎಂಬುದು ಕೈಗಳಿಗೆ ಗೊತ್ತಿತ್ತು.

ಎಲ್ಲಕ್ಕಿಂತ ಸರಳವಾದದ್ದು ನೀರಿನಲ್ಲಿ ಕುದಿಸಿ ತೆಗೆಯುವುದು. ಹಳ್ಳಿಮನೆಗಳಲ್ಲಿ ಹರಳೆಣ್ಣೆ ಮಾಡುತ್ತಿದ್ದದ್ದು ಹೀಗೆ. ಹರಳನ್ನು ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ, ಮುದ್ದೆಯನ್ನು ದೊಡ್ಡ ಪಾತ್ರೆಯ ನೀರಿಗೆ ಹಾಕಿ ಕುದಿಸುತ್ತಾರೆ. ನೀರಿಗಿಂತ ಹಗುರವಾದ ಎಣ್ಣೆ ಮೇಲೆ ಕೆನೆಗಟ್ಟಿದಂತೆ ತೇಲುತ್ತದೆ. ಅದನ್ನು ಸೌಟಿನಿಂದ ಮೆಲ್ಲಗೆ ಕೆನೆತೆಗೆದಂತೆ ತೆಗೆದು ಬೇರೆ ಪಾತ್ರೆಯಲ್ಲಿ ಮತ್ತೆ ಕಾಯಿಸುತ್ತಾರೆ. ಎಣ್ಣೆಯಲ್ಲಿ ನೀರಿನ ಪಸೆ ಇರುವಷ್ಟು ಹೊತ್ತು ಚಟಚಟ ಸದ್ದು ಕೇಳುತ್ತದೆ. ಸದ್ದು ನಿಂತರೆ ನೀರು ಹೋಗಿದೆ, ಎಣ್ಣೆ ಕೆಡದೆ ಉಳಿಯುತ್ತದೆ ಎಂದು ಅರ್ಥ. ಕಿವಿಯೇ ಇಲ್ಲಿ ಉಷ್ಣಮಾಪಕ. ಹರಳಿನಲ್ಲಿರುವ ರೈಸಿನ್ ಎಂಬ ಕಡುವಿಷ ಪ್ರೋಟೀನು ಎಣ್ಣೆಗೆ ಇಳಿಯದೆ ಹಿಂಡಿಯಲ್ಲೇ ಉಳಿಯುತ್ತದೆ, ಕುದಿತಕ್ಕೆ ನಿಷ್ಕ್ರಿಯವೂ ಆಗುತ್ತದೆ. ಮುರುಗಲು, ಉಪ್ಪಾಗೆಗಳ ಕೊಬ್ಬನ್ನು ತೆಗೆಯುವುದೂ ಇದೇ ಕ್ರಮದಲ್ಲಿ. ತೇಲಿದ್ದು ಆರಿದಾಗ ಗಟ್ಟಿಯಾಗುವುದರಿಂದ ಎತ್ತಿಕೊಳ್ಳುವುದು ಇನ್ನೂ ಸುಲಭ.

ಬೆಣ್ಣೆ ತೆಗೆಯುವುದರ ಹಿಂದೆಯೂ ಪೊರೆ ಹರಿಯುವ ಇದೇ ತತ್ತ್ವವಿದೆ, ಆದರೆ ಅಲ್ಲಿ ಕೆಲಸ ಮಾಡುವುದು ಶಾಖವಲ್ಲ, ಕಡೆಗೋಲು. ಕಡೆದಾಗ ಹಾಲಿನ ಕೊಬ್ಬಿನ ಗೋಲಿಗಳು ಒಂದಕ್ಕೊಂದು ತಾಗಿ, ಪೊರೆ ಹರಿದು, ಅಂಟಿಕೊಂಡು ಬೆಣ್ಣೆಯಾಗಿ ಮೇಲೆ ಬರುತ್ತವೆ. ಇದಕ್ಕೆ ಕೊಬ್ಬು ಅರೆಗಟ್ಟಿಯಾಗಿರಬೇಕು. ಬಹಳ ಬಿಸಿಯಾದರೆ ಗೋಲಿಗಳು ಕರಗಿ ಜಾರುತ್ತವೆ, ಬಹಳ ತಣ್ಣಗಾದರೆ ಅಂಟುವುದಿಲ್ಲ. ಬೇಸಗೆಯಲ್ಲಿ ತಣ್ಣೀರನ್ನೂ ಚಳಿಗಾಲದಲ್ಲಿ ಬಿಸಿನೀರನ್ನೂ ಮೊಸರಿಗೆ ಸೇರಿಸಿ ಕಡೆಯುವುದು ಅದಕ್ಕಾಗಿಯೇ. ಬೆಣ್ಣೆಯಲ್ಲಿ ಇನ್ನೂ ಶೇ. 16ರಷ್ಟು ನೀರು ಉಳಿದಿರುತ್ತದೆ. ಕಾಯಿಸಿ ಅದನ್ನು ಹೊರದೂಡಿದರೆ ತುಪ್ಪ. ತಳದಲ್ಲಿ ಕಂದುಬಣ್ಣಕ್ಕೆ ತಿರುಗಿದ ಹಾಲಿನ ಪ್ರೋಟೀನು, ಸಕ್ಕರೆಗಳ ಗಸಿಯಿಂದಲೇ ತುಪ್ಪಕ್ಕೆ ಆ ಘಮ. ನೀರಿಲ್ಲದ ಕಾರಣ ತುಪ್ಪ ಬೆಣ್ಣೆಗಿಂತ ಎಷ್ಟೋ ಪಾಲು ಹೆಚ್ಚು ಕಾಲ ಬಾಳುತ್ತದೆ.

ಒತ್ತಡದಿಂದ ಎಣ್ಣೆ ಹಿಂಡುವ ಸಾಧನಗಳಲ್ಲಿ ಭಾರತದ ಗಾಣ ವಿಶಿಷ್ಟವಾದದ್ದು. ಕಲ್ಲಿನಲ್ಲೋ ಮರದಲ್ಲೋ ಕೊರೆದ ದೊಡ್ಡ ಒರಳಿನೊಳಗೆ ಓರೆಯಾಗಿ ನಿಂತ ಮರದ ದಿಂಡನ್ನು ಎತ್ತು ಸುತ್ತಿಸುತ್ತದೆ. ಎತ್ತು ಎಳೆಯುವ ಅಡ್ಡಮರದ ಮೇಲೆ ಕಲ್ಲು ಹೇರಿದ್ದರೆ ಆ ಭಾರವೆಲ್ಲ ದಿಂಡಿನ ತುದಿಗೆ ಬಿದ್ದು ಬೀಜವನ್ನು ಒರಳಿನ ಗೋಡೆಗೆ ಅರೆಯುತ್ತದೆ. ಅರೆಯುವುದೂ ಹಿಂಡುವುದೂ ಒಂದೇ ಕಡೆ ನಡೆಯುವುದು ಇದರ ಹೆಚ್ಚುಗಾರಿಕೆ. ಯೂರೋಪಿನ ಹಳೆಯ ಪದ್ಧತಿಗಳಲ್ಲಿ ಬೀಸುವ ಕಲ್ಲು ಬೇರೆ, ಒತ್ತುವ ಯಂತ್ರ ಬೇರೆ. ಸಲಕ್ಕೆ ಹತ್ತು ಹದಿನೈದು ಕಿಲೋ ಎಳ್ಳು ಹಾಕಿದರೆ ಒಂದೂವರೆ ಎರಡು ತಾಸು ಎತ್ತು ಸುತ್ತಬೇಕು. ನಡುವೆ ಚಿಮುಕಿಸುವ ನೀರಿನಿಂದ ಹಿಟ್ಟು ಹಿಡಿದುಕೊಂಡು ಗೋಡೆಗೆ ಮೆತ್ತುತ್ತದೆ, ಎಣ್ಣೆ ಬಿಟ್ಟುಕೊಂಡು ನಡುವಿನ ಗುಂಡಿಗೆ ಇಳಿಯುತ್ತದೆ. ನೀರು ಹೆಚ್ಚಾದರೆ ಎಣ್ಣೆ ಕದಡುತ್ತದೆ, ಕಡಿಮೆಯಾದರೆ ಹಿಂಡಿ ಪುಡಿಪುಡಿಯಾಗಿ ಎಣ್ಣೆಯನ್ನು ಹೀರಿಕೊಂಡೇ ಉಳಿಯುತ್ತದೆ. ಗಾಣಿಗನ ಜಾಣ್ಮೆ ಆ ಒಂದು ಬೊಗಸೆ ನೀರಿನಲ್ಲಿದೆ.

ಕನ್ನಡನಾಡಿನಲ್ಲಿ ಗಾಣ ಬರಿಯ ಯಂತ್ರವಾಗಿರಲಿಲ್ಲ, ಊರಿನ ಆದಾಯದ ಒಂದು ಘಟಕವಾಗಿತ್ತು. ಮಧ್ಯಕಾಲದ ಶಾಸನಗಳಲ್ಲಿ ಗಾಣಗಳ ಮೇಲಿನ ತೆರಿಗೆಯೂ, ದೇವರ ನಂದಾದೀವಿಗೆಗೆಂದು ಗಾಣಗಳಿಂದ ಎಣ್ಣೆ ಬಿಟ್ಟುಕೊಟ್ಟ ದಾನಗಳೂ ಮತ್ತೆ ಮತ್ತೆ ಬರುತ್ತವೆ. ಗಾಣಿಗರು ಆ ಕಸುಬಿನಿಂದಲೇ ಹೆಸರು ಪಡೆದ ಸಮುದಾಯ. ಹನ್ನೆರಡನೆಯ ಶತಮಾನದ ಶರಣರ ನಡುವೆ ಗಾಣದ ಕಣ್ಣಪ್ಪನೂ ಇದ್ದಾನೆ. ಗಿರಣಿಗಳು ಬಂದು ಎತ್ತಿನ ಗಾಣ ಸೊರಗತೊಡಗಿದಾಗ ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಅದನ್ನು ಸುಧಾರಿಸಲು ಕೈಹಾಕಿತು. ಹೀಗೆ ರೂಪುಗೊಂಡ ‘ವಾರ್ಧಾ ಗಾಣ’ ಕಡಿಮೆ ಶ್ರಮದಲ್ಲಿ ಹೆಚ್ಚು ಬೀಜ ಅರೆಯುವಂತಿತ್ತು. ಆದರೂ ಗಾಣದ ಹಿಂಡಿಯಲ್ಲಿ ಶೇ. 10ಕ್ಕೂ ಮೀರಿ ಎಣ್ಣೆ ಉಳಿದುಬಿಡುತ್ತದೆ. ಗಿರಣಿಯ ಎದುರು ಅದು ಸೋತದ್ದಕ್ಕೆ ಮುಖ್ಯ ಕಾರಣ ಈ ಅಂಕಿ. ಊರಿನ ದನಗಳ ಮಟ್ಟಿಗೆ ಅದು ನಷ್ಟವೂ ಆಗಿರಲಿಲ್ಲ. ಹಿಂಡಿಯಲ್ಲಿ ಉಳಿದ ಎಣ್ಣೆ ಹಾಲಾಗಿ ಮನೆಗೆ ಮರಳುತ್ತಿತ್ತು.

ಯೂರೋಪಿನಲ್ಲಿ ಒತ್ತಡದ ಕೆಲಸಕ್ಕೆ ಹೊಸ ಬಲ ಬಂದದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಜಲಒತ್ತಡ ಯಂತ್ರದಿಂದ. ಅದರಲ್ಲೂ ಬೀಜವನ್ನು ಬಟ್ಟೆಯಲ್ಲಿ ಸುತ್ತಿ, ಒತ್ತಿ, ಬಿಚ್ಚಿ, ಮತ್ತೆ ತುಂಬಬೇಕಾಗಿತ್ತು. ನಿಲ್ಲದೆ ನಡೆಯುವ ಯಂತ್ರವನ್ನು ಕೊಟ್ಟವನು ಅಮೆರಿಕದ ವಲೇರಿಯಸ್ ಆ್ಯಂಡರ್ಸನ್; 1900ರ ಸುಮಾರಿಗೆ ಅವನು ರೂಪಿಸಿದ ಎಕ್ಸ್‌ಪೆಲ್ಲರ್ ಇಂದಿಗೂ ಪಟ್ಟಣದ ಎಣ್ಣೆಮಿಲ್ಲುಗಳ ಹೃದಯ. ಉಕ್ಕಿನ ಪಟ್ಟಿಗಳನ್ನು ಕೂದಲೆಳೆಯಷ್ಟು ಸಂದು ಬಿಟ್ಟು ಜೋಡಿಸಿದ ಪಂಜರದೊಳಗೆ ತಿರುಪು ತಿರುಗುತ್ತದೆ. ಮುಂದೆ ಸಾಗಿದಂತೆ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಎಣ್ಣೆ ಸಂದುಗಳಿಂದ ಜಿನುಗುತ್ತದೆ, ಹಿಂಡಿ ತುದಿಯಿಂದ ಚಕ್ಕೆಚಕ್ಕೆಯಾಗಿ ಉದುರುತ್ತದೆ. ತಿಕ್ಕಾಟದಿಂದಲೇ ಉಷ್ಣತೆ ನೂರು ಡಿಗ್ರಿ ದಾಟುವುದುಂಟು. ಹಿಂಡಿಯಲ್ಲಿ ಉಳಿಯುವುದು ಶೇ. 6-7ರಷ್ಟು ಎಣ್ಣೆ.

ಈ ಕೊನೆಯ ಪಾಲನ್ನು ಯಾವ ಒತ್ತಡವೂ ಹೊರತರಲಾರದು. ಅದನ್ನು ಕರಗಿಸಿಯೇ ತೆಗೆಯಬೇಕು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನಲ್ಲಿ ಆಲಿವ್ ಹಿಂಡಿಯ ಮೇಲೆ ಕಾರ್ಬನ್ ಡೈಸಲ್ಫೈಡ್ ಬಳಸಿ ಈ ಪ್ರಯತ್ನ ನಡೆಯಿತು. ಇಂದು ಬಳಕೆಯಲ್ಲಿರುವುದು ಪೆಟ್ರೋಲಿಯಂನಿಂದ ಬರುವ ಹೆಕ್ಸೇನ್. ಬೀಜವನ್ನು ಅವಲಕ್ಕಿಯಂತೆ ತೆಳುವಾಗಿ ತಟ್ಟಿ, ಅದರ ಮೇಲೆ ಹೆಕ್ಸೇನ್ ಸುರಿಸುತ್ತಾರೆ. ಎಣ್ಣೆಯನ್ನು ಕರಗಿಸಿಕೊಂಡು ಇಳಿದ ದ್ರಾವಣವನ್ನು ಕಾಯಿಸಿದರೆ ಹೆಕ್ಸೇನ್ 70 ಡಿಗ್ರಿಯೊಳಗೇ ಆವಿಯಾಗಿ ಹೋಗುತ್ತದೆ, ತಣಿಸಿ ಮತ್ತೆ ಬಳಸುತ್ತಾರೆ. ಎಣ್ಣೆ ಹಿಂದೆ ಉಳಿಯುತ್ತದೆ. ಹಿಂಡಿಗೂ ಹಬೆ ಕೊಟ್ಟು ಹೆಕ್ಸೇನ್ ಬಿಡಿಸುತ್ತಾರೆ. ಅದರಲ್ಲಿ ಎಣ್ಣೆ ಉಳಿಯುವುದು ಶೇ. 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಹೆಕ್ಸೇನ್ ಆವಿ ಕಿಡಿ ಸೋಕಿದರೆ ಸಿಡಿಯುವಂಥದು, ಆದ್ದರಿಂದ ಇಂಥ ಕಾರ್ಖಾನೆಗಳಲ್ಲಿ ಬೆಂಕಿಯ ಭಯ ಸದಾ ಇರುತ್ತದೆ. ಸೋಯಾ ಎಣ್ಣೆ ಜಗತ್ತಿನ ಮಾರುಕಟ್ಟೆ ತುಂಬಿದ್ದು ಈ ವಿಧಾನದಿಂದ.

ಭತ್ತದ ತೌಡಿನ ಎಣ್ಣೆಯೂ ಇದರದೇ ಕೊಡುಗೆ. ತೌಡಿನಲ್ಲಿ ಶೇ. 15ರಿಂದ 20ರಷ್ಟು ಎಣ್ಣೆಯಿದೆ, ಜೊತೆಗೆ ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ಅಕ್ಕಿಯ ಮೇಲಿದ್ದಾಗ ಎರಡೂ ಬೇರೆ ಬೇರೆ ಪದರಗಳಲ್ಲಿರುತ್ತವೆ. ಗಿರಣಿಯಲ್ಲಿ ತೌಡು ಬೇರೆಯಾದ ಕ್ಷಣದಿಂದ ಎರಡೂ ಬೆರೆತು ಎಣ್ಣೆ ಹುಳಿಯತೊಡಗುತ್ತದೆ. ಕೂಡಲೇ ಬಿಸಿ ಮಾಡಿ ಕಿಣ್ವವನ್ನು ಅಡಗಿಸದಿದ್ದರೆ ಅದು ಖಾದ್ಯಕ್ಕೆ ಸಲ್ಲದೆ ಸಾಬೂನಿಗೆ ಹೋಗುತ್ತದೆ. ಕುಸುಬಲಕ್ಕಿಯ ತೌಡು ಮೊದಲೇ ಬೆಂದಿರುವುದರಿಂದ ಈ ತೊಂದರೆ ಕಡಿಮೆ, ಎಣ್ಣೆಯ ಪಾಲೂ ಹೆಚ್ಚು. ತಾಳೆಯ ಗೊನೆಗಳನ್ನು ಕೊಯ್ದ ಒಂದು ದಿನದೊಳಗೆ ಹಬೆಯಲ್ಲಿ ಬೇಯಿಸಬೇಕಾದದ್ದಕ್ಕೂ ಇಂಥ ಕಿಣ್ವವೇ ಕಾರಣ.

ಹೀಗೆ ಬಂದ ಕಚ್ಚಾ ಎಣ್ಣೆಯಲ್ಲಿ ಅಂಟು, ಬಿಡಿ ಕೊಬ್ಬಿನಾಮ್ಲ, ಬಣ್ಣ, ವಾಸನೆಗಳು ಸೇರಿರುತ್ತವೆ. ಶುದ್ಧೀಕರಣದಲ್ಲಿ ಮೊದಲು ನೀರು ಸೇರಿಸಿ ಅಂಟನ್ನು ತೆಗೆಯುತ್ತಾರೆ. ಸೋಯಾ ಎಣ್ಣೆಯ ಅಂಟಿನಿಂದ ಬರುವ ಲೆಸಿಥಿನ್ ಬಿಸ್ಕತ್ತು, ಚಾಕೊಲೇಟುಗಳಿಗೆ ಸೇರುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದಿಂದ ಬಿಡಿ ಆಮ್ಲಗಳನ್ನು ಸಾಬೂನಾಗಿಸಿ ಬೇರ್ಪಡಿಸಿ, ವಿಶೇಷ ಜೇಡಿಮಣ್ಣಿನಿಂದ ಬಣ್ಣ ಹೀರಿಸಿ, ಕೊನೆಗೆ ನಿರ್ವಾತದಲ್ಲಿ 200 ಡಿಗ್ರಿಗೂ ಮೀರಿದ ಶಾಖದಲ್ಲಿ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ. ಸೂರ್ಯಕಾಂತಿ ಎಣ್ಣೆಯನ್ನು ತಣಿಸಿ ಮೇಣವನ್ನೂ ಸೋಸುತ್ತಾರೆ. ಹತ್ತಿಬೀಜದ ಎಣ್ಣೆಗೆ ಶುದ್ಧೀಕರಣ ಅನಿವಾರ್ಯ, ಅದರಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಗಾಣದ ಎಣ್ಣೆಗೆ ಈಚೆಗೆ ನಗರಗಳಲ್ಲಿ ಮತ್ತೆ ಬೇಡಿಕೆ ಬಂದಿದೆ. ಅದರ ಘಮ, ರುಚಿ, ಕೆಲವು ಸೂಕ್ಷ್ಮ ಪೋಷಕಗಳು ಉಳಿದಿರುತ್ತವೆ ಎಂಬುದು ನಿಜ. ಕೊಬ್ಬಿನಾಮ್ಲಗಳ ಲೆಕ್ಕದಲ್ಲಿ ಮಾತ್ರ ಗಾಣದ ಎಣ್ಣೆಯೂ ಶುದ್ಧೀಕರಿಸಿದ ಎಣ್ಣೆಯೂ ಒಂದೇ. ಬೂಷ್ಟು ಹಿಡಿದ ಕಡಲೆಕಾಯಿಯ ಅಫ್ಲಟಾಕ್ಸಿನ್ ಶುದ್ಧೀಕರಣದಲ್ಲಿ ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಆದ್ದರಿಂದ ಗಾಣಕ್ಕೆ ಹಾಕುವ ಬೀಜ ಗಟ್ಟಿಯಾಗಿ, ಒಣಗಿ, ಆರಿಸಿದ್ದಾಗಿರಲೇಬೇಕು.

ದ್ರವ ಎಣ್ಣೆಯನ್ನು ಗಟ್ಟಿಯಾಗಿಸುವ ವಿದ್ಯೆ ಇಪ್ಪತ್ತನೆಯ ಶತಮಾನದ ಆರಂಭದ್ದು. ಫ್ರಾನ್ಸಿನ ಪಾಲ್ ಸಬಾತಿಯೆ ನಿಕಲ್ ಲೋಹದ ನೆರವಿನಿಂದ ಹೈಡ್ರೋಜನ್ ಸೇರಿಸುವ ಕ್ರಮ ಕಂಡುಹಿಡಿದು 1912ರಲ್ಲಿ ನೊಬೆಲ್ ಪಡೆದ; ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲೇ ಅದನ್ನು ಎಣ್ಣೆಗೆ ಅನ್ವಯಿಸಿ ಪೇಟೆಂಟ್ ಮಾಡಿದ್ದ. ಭಾರತದಲ್ಲಿ 1930ರ ದಶಕದಿಂದ ಮನೆಮಾತಾದ ಡಾಲ್ಡಾ ಇದರ ಫಲ. ಹೈಡ್ರೋಜನ್ ಅರೆಬರೆ ಸೇರಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು ಎಂದು ಖಚಿತವಾದ ಮೇಲೆ ಎಣ್ಣೆ, ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇ. 2 ಮೀರಬಾರದೆಂಬ ಮಿತಿ ಭಾರತದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ.

ಎಣ್ಣೆಯ ಗುಣ ಕೆಡುವುದು ಗಾಳಿ, ಬೆಳಕು, ಶಾಖಗಳಿಂದ. ಅಪರ್ಯಾಪ್ತ ಆಮ್ಲ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಕಮಟುತ್ತದೆ. ಅಗಸೆ ಎಣ್ಣೆಯಲ್ಲಿ ಈ ದೋಷವೇ ಗುಣವಾಗಿದೆ: ತೆಳುವಾಗಿ ಬಳಿದರೆ ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಬಣ್ಣ, ವಾರ್ನಿಷ್‌ಗಳಲ್ಲಿ ಅದು ಸೇರಿದ್ದೂ ಕ್ರಿಕೆಟ್ ಬ್ಯಾಟಿಗೆ ಅದನ್ನು ಉಜ್ಜುವುದೂ ಅದಕ್ಕಾಗಿ. ಇನ್ನೊಂದು ಕೇಡು ಕಲಬೆರಕೆ. ಸಾಸಿವೆಯನ್ನೇ ಹೋಲುವ ಆರ್ಜಿಮೋನ್ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ ಕಾಲು ಬಾತು, ಹೃದಯ ಸೋಲುವ ಕಾಯಿಲೆ ಹರಡಿ ಅನೇಕರು ಸತ್ತರು.

ಹಿಂಡಿ ಎಣ್ಣೆಯಷ್ಟೇ ಬೆಲೆಯುಳ್ಳ ವಸ್ತು. ಕಡಲೆಕಾಯಿ, ಎಳ್ಳು, ಹತ್ತಿಬೀಜಗಳ ಹಿಂಡಿಯನ್ನು ನೆನೆಸಿ ಬೂಸದೊಂದಿಗೆ ಕರೆಯುವ ಹಸು, ಎಮ್ಮೆಗಳಿಗೆ ಇಡುತ್ತಾರೆ. ಹುಚ್ಚೆಳ್ಳು, ಕಡಲೆಕಾಯಿ ಹಿಂಡಿಗಳಲ್ಲಿ ಪ್ರೋಟೀನು ಸಮೃದ್ಧ. ಸೋಯಾದಲ್ಲಂತೂ ಎಣ್ಣೆಗಿಂತ ಹಿಂಡಿಯ ತೂಕವೇ ನಾಲ್ಕು ಪಾಲು ಹೆಚ್ಚಿದ್ದು, ಕೋಳಿಸಾಕಣೆ ಅದರ ಮೇಲೆ ನಿಂತಿದೆ. ಹೊಂಗೆ, ಬೇವು, ಹರಳುಗಳ ಹಿಂಡಿ ದನಕ್ಕೆ ಸಲ್ಲದು. ಅದು ಹೊಲಕ್ಕೆ ಹೋಗುತ್ತದೆ: ಸಾರಜನಕದ ಗೊಬ್ಬರವಾಗಿ, ಬೇವಿನದಾದರೆ ಬೇರಿಗೆ ಬರುವ ಹುಳುಗಳನ್ನು ತಡೆಯುವ ಮದ್ದಾಗಿ, ಅಡಿಕೆ ತೋಟದಲ್ಲೂ ಬಾಳೆಯ ಬುಡದಲ್ಲೂ ಮಣ್ಣಿಗೆ ಬೆರೆಯುತ್ತದೆ.